ಅರಿಸಿನದ ದಾರ, ಬಾಳೆಯ ಬಾಟಲಿ

ಬಿಳಿಕೆರೆ
೧೪ ಆಗಸ್ಟ್ ೨೦೦೩

ಪ್ರೀತಿಯ ಅವ್ವನಿಗೆ, ನಿನ್ನ ರಾಣಿಯ ನಮಸ್ಕಾರ.

ನಾನು ಕ್ಷೇಮ. ಭೇರ್ಯದಲ್ಲಿ ನೀವೆಲ್ಲ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನನ್ನ ತಾಳಿಯ ವಿಷಯ ಅತ್ತೆ ನಿನ್ನ ಕಿವಿಗೆ ಊದಿರುವುದು ನಿನ್ನ ಕಾಗದದಿಂದ ತಿಳಿಯಿತು. ಅವರು ಅರ್ಧ ಹೇಳಿದ್ದಾರೆ, ಉಳಿದರ್ಧ ನಾನು ಹೇಳುತ್ತೇನೆ.

ನಮ್ಮ ಲ್ಯಾಬಿನಲ್ಲಿ ಬಾಳೆ ಕಂದಿನ ಎಳೆ ತುದಿಯನ್ನು ಉಗುರಿನಷ್ಟು ಕತ್ತರಿಸಿ, ಬಾಟಲಿಯೊಳಗಿನ ಲೋಳೆಯಲ್ಲಿ ನೆಡುತ್ತೇವೆ. ಅದೊಂದರಿಂದಲೇ ಮರಿಯ ಮೇಲೆ ಮರಿ ಒಡೆಯುತ್ತದೆ. ಚೂರು ಕೊಳೆ ಸೇರಿದರೂ ಬಾಟಲಿಗೆ ಬೂಷ್ಟು. ಅದಕ್ಕೇ ಹೂವು, ಬಳೆ ಯಾವುದಕ್ಕೂ ಒಳಗೆ ಜಾಗವಿಲ್ಲ. ಬೇರೆ ಹೆಂಗಸರ ತಾಳಿ ಚಿನ್ನದ ಸರದಲ್ಲಿದೆ, ಸ್ಪಿರಿಟ್ಟಿನಲ್ಲಿ ಒರೆಸಿಕೊಂಡು ಹೋಗುತ್ತಾರೆ. ನನ್ನದು ದಾರ. ಅತ್ತೆ ಶುಕ್ರವಾರ ಶುಕ್ರವಾರ ಅದನ್ನು ಅರಿಸಿನದಲ್ಲಿ ತೋಯಿಸುತ್ತಾರೆ. ಶನಿವಾರ ನಾನು ಮುಟ್ಟಿದ ಬಾಟಲಿಗಳೆಲ್ಲ ಬೂಷ್ಟು. ಮೇಲ್ವಿಚಾರಕಿ ಸುನಂದಮ್ಮ, "ದಾರ ತೆಗ್ದಿಟ್ಟು ಬಾ, ಇಲ್ಲಾ ಹೊರಗಡೆ ಮಣ್ಣು ತುಂಬೋ ಕೆಲ್ಸಕ್ಕೋಗು" ಎಂದರು.

ಹೊರಗೆ ಸಸಿಗಳ ನೆರಳುಮನೆಗೆ ಮೇಸ್ತ್ರಿ ಯಾರು, ನಿನ್ನ ಅಳಿಯನೇ ಅಲ್ಲವೇ? ಮನೆಯಲ್ಲೂ ಅವರ ಕಣ್ಣು, ದಾರಿಯಲ್ಲೂ ಅವರ ಕಣ್ಣು. ಯಾರ ಜೊತೆ ನಕ್ಕೆ, ಯಾಕೆ ನಕ್ಕೆ ಎಂದು ಉಣ್ಣುವಾಗಲೂ ವಿಚಾರಣೆ. ನನಗೆ ಉಸಿರು ಕಟ್ಟುತ್ತದೆ ಅವ್ವ. ಆ ಗಾಜಿನ ಕೋಣೆಯೊಳಕ್ಕೆ ಮಾತ್ರ ಅವರು ಬರುವಂತಿಲ್ಲ. ಅಂದಿನಿಂದ ದಾರ ತೆಗೆದು ಊಟದ ಡಬ್ಬಿಯಲ್ಲಿಟ್ಟೇ ಒಳಗೆ ಹೋಗುತ್ತೇನೆ.

ಹೋದ ವಾರ ಒಂದು ಸಂಜೆ ಮತ್ತೆ ಹಾಕಿಕೊಳ್ಳುವುದು ಮರೆತೆ. ಡಬ್ಬಿ ತೊಳೆಯಲು ತೆಗೆದ ಅತ್ತೆಯ ಕೈಗೇ ತಾಳಿ ಸಿಕ್ಕಿತು. "ಗಂಡ ಗುಂಡ್ಕಲ್ಲಂಗೆ ಇರೋವಾಗ್ಲೇ ಬರಿಗೊರಳಲ್ಲಿ ತಿರುಗ್ತಾವ್ಳೆ ಕಣ್ರವ್ವಾ" ಎಂದು ಬೀದಿಗೆಲ್ಲ ಸಾರಿದರು. ಮಾರನೆಯ ದಿನ ಇವರು ಕೆಲಸ ಬಿಟ್ಟು ಬಂದು, ನನ್ನ ಕೊರಳು ನೋಡಲೆಂದು ಗಾಜಿನಾಚೆ ನಿಂತರು. ಒಳಗೆ ನಮಗೆಲ್ಲ ಒಂದೇ ನೀಲಿ ಅಂಗಿ, ಟೋಪಿ, ಕಣ್ಣಿನ ಕೆಳಗೆಲ್ಲ ಬಟ್ಟೆ. ಒಬ್ಬೊಬ್ಬರನ್ನೇ ದಿಟ್ಟಿಸಿದರು, ಹೆಂಡತಿ ಯಾರೆಂದು ತಿಳಿಯಲಿಲ್ಲ. ನಾನು ತಲೆಯೆತ್ತಲಿಲ್ಲ. ಚಿಮಟದಲ್ಲಿ ಇನ್ನೊಂದು ತುದಿ ಹಿಡಿದು ಬಾಟಲಿಯಲ್ಲಿ ನೆಟ್ಟೆ. ಮದುವೆಯಾದಂದಿನಿಂದ ಅಷ್ಟು ನೆಮ್ಮದಿ ನನಗೆ ಸಿಕ್ಕಿರಲಿಲ್ಲ.

ನಿನ್ನ ಬಳೆ ಕರಗಿಸಿ ತಾಳಿಗೆ ಸರ ಮಾಡಿಸುತ್ತೇನೆಂದು ಬರೆದಿದ್ದೀಯ. ಒಳ್ಳೆಯದೇ ಆಯಿತು. ಸರವಿದ್ದರೆ ಸುನಂದಮ್ಮನ ತಕರಾರಿಲ್ಲ, ಅತ್ತೆಯ ಬಾಯೂ ಮುಚ್ಚುತ್ತದೆ. ಬೇಗ ಕಳಿಸು. ಗೌರಿ ಹಬ್ಬಕ್ಕೆ ಊರಿಗೆ ಬರಲು ಇವರು ಒಪ್ಪಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಅಪ್ಪನಿಗೆ ನಾನು ಚೆನ್ನಾಗಿದ್ದೇನೆ ಎಂದಷ್ಟೇ ಹೇಳು.

ನಿನ್ನ ಮಗಳು,
ರಾಣಿ

ವಿ.ಸೂ.: ಅಂಟಿಸುವ ಮೊದಲು ಕಾಗದವನ್ನು ಇನ್ನೊಮ್ಮೆ ಓದಿಕೊಂಡೆ. ಬಳೆ ಕರಗಿಸಬೇಡ ಅವ್ವ, ಸರ ಕಳಿಸಬೇಡ. ಸರ ಬಂದರೆ ತಾಳಿ ತೆಗೆದಿಡಲು ನನಗೆ ಯಾವ ನೆಪವೂ ಉಳಿಯುವುದಿಲ್ಲ.