ನಗಬಾರದ ಫೋಟೊ

ಗುರುವಾರ, ಮಾರ್ಚ್ ೧೪

ನಮ್ಮ ಗಲ್ಲಿಯ ಹಿರಿಕಿರಿಯರ ಫೋಟೊಗಳ ಪ್ರದರ್ಶನಕ್ಕೆ ಪುರಸಭೆಯವರು ತಮ್ಮ ಸಭಾಂಗಣದ ಗೋಡೆ ಕೊಡುತ್ತೇವೆಂದರು, ಕೊಡಲಿಲ್ಲ. ಬಾಗಿಲು ತೆರೆದಿರುತ್ತದೆ ಎಂದರು, ಇವತ್ತು ಬೀಗ. ಹೊಸ ಬಣ್ಣ ಬಳಿದಿದೆಯಂತೆ, ಮೊಳೆ ಹೊಡೆಯಬಾರದಂತೆ. ಬಣ್ಣ ಬಳಿದವರು ನಮ್ಮ ಗಲ್ಲಿಯವರೇ.

ಆ ಸಿಟ್ಟಿಗಿಂತ ಹೆಚ್ಚು ಕೊರೆಯುತ್ತಿರುವುದು ಬೀದಿ ಗುಡಿಸುವ ದೊಡ್ಡಮ್ಮನ ಮುಖ. ಕ್ಯಾಮೆರಾ ಎತ್ತಿದ ಕೂಡಲೇ ಕೂದಲು ಸರಿಸಿ, ಎರಡೂ ಕಿವಿ ಕಾಣುವಂತೆ, ಉಸಿರು ಬಿಗಿಹಿಡಿದು ಕೂತಳು.

"ಸ್ವಲ್ಪ ನಗು ದೊಡ್ಡಮ್ಮ."

"ನಕ್ರೆ ಆಫೀಸಿಂದ ಫೋಟೊ ವಾಪಸ್ ಕಳಿಸ್ತಾರೆ ಕಣೇ. ಆಮೇಲೆ ನೀನು ಕೊಡ್ತೀಯಾ ಕೆಲಸ?"

ಗುರುತಿನ ಚೀಟಿಗಲ್ಲದೆ ಯಾರೂ ಇವರ ಮುಖ ಕೇಳಿದ್ದೇ ಇಲ್ಲ. ನನ್ನಮ್ಮನದೂ ಉಳಿದಿರುವುದು ಅಂಥದ್ದೊಂದೇ. ಅದರಲ್ಲಿ ಅವಳು ಹೆದರಿದ್ದಾಳೆ. ನಗುವ ಅಮ್ಮನನ್ನು ನಾನೀಗ ಎಲ್ಲಿಂದ ತರಲಿ?

ನಿನ್ನ ಆಸೆ ಏನು ಎಂದು ದೊಡ್ಡಮ್ಮನನ್ನು ಕೇಳಿದೆ.

"ಮಗಳ ಜೊತೆ ಒಂದು ಫೋಟೊ. ಅವಳು ರಾತ್ರಿ ಪಾಳಿ ಮುಗಿಸಿ ಬರೋ ಹೊತ್ತಿಗೆ ನಾನು ಹೊರಟಿರ್ತೀನಿ. ನಾನು ಎರಡು ಕೆಲಸ ಮುಗಿಸಿ ಬರೋ ಹೊತ್ತಿಗೆ ಅವಳು ಹೊರಟಿರ್ತಾಳೆ."

ಪಕ್ಕದಲ್ಲಿದ್ದ ಮೊಮ್ಮಗಳನ್ನೂ ಕೇಳಿದೆ.

"ಅಮ್ಮ, ಅಜ್ಜಿ ಇಬ್ರೂ ಒಟ್ಟಿಗೆ ನನಗೆ ಬೈಬೇಕು. ಈಗ ಒಬ್ಬೊಬ್ರೇ ಬೈತಾರೆ."

ದೊಡ್ಡಮ್ಮ ಆಗ ನಕ್ಕಳು. ನನ್ನ ಕೈ ಕ್ಯಾಮೆರಾ ಎತ್ತಲಿಲ್ಲ. ಆ ನಗುವಿನಲ್ಲಿ ಮಗಳೂ ಇರಬೇಕಿತ್ತು.

ಫೋಟೊ ತೋರಿಸುವ ಸಭೆಯನ್ನು ಸಂಜೆ ಬೀಗ ಹಾಕಿದ ಸಭಾಂಗಣದ ಮುಂದೆಯೇ ಇಡೋಣ ಎಂದರು ನನ್ನ ಜೊತೆ ಫೋಟೊ ತೆಗೆಯುವ ಸಂಗಾತಿಗಳು. ನಾನು ಒಪ್ಪಲಿಲ್ಲ. ದೊಡ್ಡಮ್ಮ ಒಂದು ಗಂಟೆ ತಡವಾಗಿ ಕೆಲಸಕ್ಕೆ ಹೋಗಲಿ, ಊರಿನ ಕಸ ಅಷ್ಟು ಹೊತ್ತು ಕಾಯಲಿ. ಸಭೆಯೂ ತಾಯಿ ಮಗಳ ಫೋಟೊವೂ ಭಾನುವಾರ, ಮಗಳ ಕಾರ್ಖಾನೆಯ ಗೇಟಿನಲ್ಲಿ, ಪಾಳಿ ಬಿಡುವಾಗ, ಬೆಳಿಗ್ಗೆ ಆರಕ್ಕೆ.