ಜಯನಗರದಲ್ಲಿ ಅರಳಿದ ಲೂಪಿನ್

ಜಯನಗರ
ಜನವರಿ ೧೯೬೬

ಪದ್ಮಾಸನಿ,

ನಿನ್ನ ವಿಳಾಸ ನನ್ನ ಹತ್ತಿರ ಇದೆ. ಆದರೂ ಇದನ್ನು ಅಂಚೆಗೆ ಹಾಕುವುದಿಲ್ಲ ಅಂತ ಗೊತ್ತಿದ್ದೇ ಬರೀತಿದ್ದೀನಿ.

ಇವತ್ತು ಕಾಲೇಜಿನಲ್ಲಿ ಪಾಠಕ್ಕೆ ಅಂತ ಒಣಗಿಡಗಳ ಕಪಾಟು ತೆಗೆದಾಗ ಆ ಲೂಪಿನ್ ಹಾಳೆ ಕೈಗೆ ಬಂತು. ನಾವಿಬ್ಬರೂ ಅಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದಾಗ ಹೊರದೇಶದಿಂದ ಬಂದ ಬೀಜ. ಎತ್ತರದ ಬೆಟ್ಟಗಳಲ್ಲಿ, ತೊರೆ ಪಕ್ಕದ ಒದ್ದೆ ನೆಲದಲ್ಲಿ ಬೆಳೆಯುವ ಕಾಡುಗಿಡ. ಬೆಂಗಳೂರಲ್ಲಿ ಬದುಕಲ್ಲ ಅಂತ ನಾನು ಕೈಬಿಟ್ಟೆ. ನೀನು ಎರಡು ಬೀಜ ಇಲ್ಲೇ ಜಯನಗರದಲ್ಲಿದ್ದ ನಿನ್ನ ಮನೆಗೆ ಒಯ್ದು, ಕುಂಡಕ್ಕೆ ಒದ್ದೆ ಗೋಣಿ ಸುತ್ತಿ, ಬಚ್ಚಲುಮನೆ ಗೋಡೆಯ ನೆರಳಲ್ಲಿಟ್ಟು ಸಾಕಿದೆ. ಒಂದು ಗಿಡ ಉಳಿದು ನೀಲಿ ಹೂ ಬಿಟ್ಟಿತು. ಅದನ್ನು ಒಣಗಿಸಿ ಹಾಳೆಗೆ ಅಂಟಿಸಿದವಳು ನಾನು. ಬೆಳೆಸಿದವರು ಅನ್ನುವ ಕಡೆಯೂ ನನ್ನ ಹೆಸರನ್ನೇ ಬರೆದೆ. ನೀನು ಅದನ್ನು ನೋಡಿದೆ. ತಿಂಗಳಾದ ಮೇಲೆ ನೀನು ಕೆಲಸ ಬಿಟ್ಟೆ.

"ಇಲ್ಲಿಯ ಬಿಸಿಲಲ್ಲಿ ಹೇಗೆ ಬೆಳೆಸಿದ್ರಿ ಮೇಡಂ?" ಅಂತ ವಿಮಲಾ ಅನ್ನೋ ವಿದ್ಯಾರ್ಥಿನಿ ಕೇಳಿದಳು.

ಗೋಣಿಯ ವಿಷಯ ಹೇಳಿದೆ. ದಿನಕ್ಕೆ ನಾಲ್ಕು ಸಲ ನೀರು ಚಿಮುಕಿಸಿದ್ದು ಹೇಳಿದೆ. ಎಲ್ಲಾ ನಾನೇ ಮಾಡಿದ ಹಾಗೆ. ಅವಳು ಬರ್ಕೊಂಡಳು.

"ಹೂವಿಗೆ ವಾಸನೆ ಇತ್ತಾ ಮೇಡಂ?"

ನನಗೆ ಗೊತ್ತಿರಲಿಲ್ಲ. ನೀನು ಅದನ್ನು ಕಾಲೇಜಿಗೆ ತರುವಷ್ಟರಲ್ಲಿ ಬಾಡಿಹೋಗಿತ್ತು. ಅರಳಿದ ಬೆಳಿಗ್ಗೆ ಅದರ ಹತ್ತಿರ ಇದ್ದವಳು ನೀನೊಬ್ಬಳೇ.

"ಸ್ವಲ್ಪ ಇತ್ತು" ಅಂದೆ. ವಿಮಲಾ ಅದನ್ನೂ ಬರ್ಕೊಂಡಳು.

ಇತ್ತೇನೇ, ಪದ್ಮಾ?

ವೇದವಲ್ಲಿ