ಒಂದು ‘ಬರಂಗಿಲ್ಲ’ದ ಸಲುವಾಗಿ

ಪ್ರೀತಿಯ ಧನಶ್ರೀಗೆ,

ಈ ಕತೆಯನ್ನು ಮೊದಲು ಹೇಳಿದವರು ಕಮರಿಪೇಟೆಯ ಔಷಧಿ ಅಂಗಡಿಯ ಮಕಬೂಲಸಾಬರು. ನಿನ್ನೆ ಮಧ್ಯಾಹ್ನ ಕೇಶ್ವಾಪುರದ ನಮ್ಮ ಆಫೀಸಿಗೆ ಬಂದು ನೀನು, ನಾನು, ನಮ್ಮ ಮಾಲಕ ಪರಮೇಶ, ಮೂವರ ಎದುರಿಗೆ ಹೇಳಿದರು. “ನಿಮ್ಮ ಕಂಪ್ಯೂಟರ್ ಪುಸ್ತಕ ಓದಿದ್ನಿರಿ. ಅವಧಿ ಮುಗಿದ ಗುಳಗಿ ಬಿಲ್ಲಿಗೆ ಹಾಕಾಕ ಬರತದ ಅಂತ ಐತಿ. ಹಾಕಿ ನೋಡಿದರ ಕಂಪ್ಯೂಟರ್ ಒಲ್ಲೆ ಅಂತು. ಅದಕ್ಕ ಇರೋ ಬುದ್ಧಿ ಪುಸ್ತಕಕ್ಕ ಇಲ್ಲೇನ್ರಿ?” ಪರಮೇಶ ನಕ್ಕ. ನಾನೂ ನಕ್ಕೆ. ನೀನು ನಗಲಿಲ್ಲ. ಅವರು ಹೇಳಿದ್ದು ಅರ್ಧ ಕತೆ. ಉಳಿದರ್ಧ ನನ್ನ ಹತ್ತಿರ ಇದೆ.

ಔಷಧಿ ಅಂಗಡಿಗಳಿಗೆ ಬಿಲ್ಲು ಹಾಕಲು ನಾವು ಮಾರುವ ಈ ತಂತ್ರಾಂಶಕ್ಕೆ ಒಂಬತ್ತು ವರ್ಷ ಕೈಪಿಡಿ ಬರೆದವನು ನಾನು. ಊರ ಕಟ್ಟೆಯ ಮೇಲೆ ಕೂತು ಕತೆ ತೆಗೆದರೆ ಜನರಿಗೆ ಕೈಯಲ್ಲಿನ ಬೀಡಿ ಆರಿದ್ದೂ ಗೊತ್ತಾಗುತ್ತಿರಲಿಲ್ಲ. ಕೈಪಿಡಿಗೆ ಕೂತಾಗ ಮಾತ್ರ ‘ಸದರಿ ವಿವರವನ್ನು ನಮೂದಿಸತಕ್ಕದ್ದು’ ಎಂದು ಬರೆಯುತ್ತಿದ್ದೆ. ತಂತ್ರಾಂಶ ತಿಂಗಳಿಗೊಮ್ಮೆ ಬದಲಾಗುತ್ತಿತ್ತು, ನನ್ನ ಪುಸ್ತಕ ವರ್ಷಕ್ಕೊಮ್ಮೆ. ಗಿರಾಕಿಗಳು ಅದರ ಮೇಲೆ ಚಹಾದ ಕಪ್ಪು ಇಡುತ್ತಿದ್ದರು.

ನೀನು ಬಂದದ್ದು ತಂತ್ರಾಂಶವನ್ನು ಪರೀಕ್ಷಿಸಲು. ನಾವು ಒಂದೊಂದೇ ಗುಂಡಿ ಒತ್ತಿ ನೋಡುವ ಬದಲು ಕಂಪ್ಯೂಟರಿನಲ್ಲಿ ತಾವೇ ಓಡಿ ಸರಿ ತಪ್ಪು ಹೇಳುವ ಮುನ್ನೂರು ಪರೀಕ್ಷೆ ಬರೆದೆ. ಪ್ರತಿಯೊಂದಕ್ಕೂ ಒಂದು ಸಾಲಿನ ತಲೆಬರಹ, ಅದೂ ಮನೆಯ ಮಾತಿನಲ್ಲಿ: ‘ಡಾಕ್ಟರ್ ಚೀಟಿ ಇಲ್ದ ಈ ಔಷಧ ಕೊಡಾಕ ಬರಂಗಿಲ್ಲ.’ ಆಮೇಲೆ ಆ ತಲೆಬರಹಗಳನ್ನು ಆರಿಸಿ ಪೋಣಿಸುವ ಪುಟ್ಟ ಪ್ರೋಗ್ರಾಮು. ನಾಲ್ಕು ನಿಮಿಷದಲ್ಲಿ ಕೈಪಿಡಿ ಸಿದ್ಧ. ಪರೀಕ್ಷೆ ಬದಲಾದರೆ ಪುಸ್ತಕವೂ ಬದಲು. ಗಿರಾಕಿಗಳು ಒಬ್ಬರಿಗೊಬ್ಬರು ಓದಿ ಹೇಳತೊಡಗಿದರು. “ಎದುರಿಗೆ ಕುಂತು ಮಾತಾಡಿದಂಗ ಐತಿ ನೋಡ್ರಿ” ಎಂದರು. ಆ ಮಾತು ನನಗೆ ಸಲ್ಲಬೇಕಾದದ್ದು. ಯಂತ್ರ ಗೆದ್ದಿದ್ದರೆ ಸಹಿಸುತ್ತಿದ್ದೆ. ನನ್ನೂರಿನ ಬಾಯಿಮಾತನ್ನೇ ಹಿಡಿದು ನೀನು ಗೆದ್ದೆ. ಅದಕ್ಕೇ ನಿನ್ನ ಮೇಲೆ ಹೊಟ್ಟೆಕಿಚ್ಚು ಹುಟ್ಟಿತು.

ನಿನಗೇನು ಗೊತ್ತು? “ಕಾಕಾ, ಕಾಗುಣಿತ ಅಷ್ಟ ನೋಡಿಕೊಡ್ರಿ. ನಿಮ್ಮ ಕಣ್ಣು ಒಮ್ಮೆ ಬಿದ್ದರ ನನಗ ಧೈರ್ಯ” ಎಂದು ತಲೆಬರಹಗಳನ್ನು ನನ್ನ ಕಡೆಗೇ ಕಳಿಸಿದೆ. ಕಣ್ಣು ಬಿತ್ತು, ಧನಶ್ರೀ. ಅವಧಿ ಮುಗಿದ ಗುಳಗಿಯ ಸಾಲಿನಲ್ಲಿ ಒಂದು ‘ಬರಂಗಿಲ್ಲ’ ಅಳಿಸಿ ‘ಬರತದ’ ಎಂದು ಮಾಡಿದೆ. ನಿನ್ನ ಪರೀಕ್ಷೆ ತಂತ್ರಾಂಶದ ಕೆಲಸವನ್ನು ನೋಡುತ್ತದೆ, ತನ್ನ ತಲೆಬರಹವನ್ನು ಓದುವುದಿಲ್ಲ. ಪರೀಕ್ಷೆ ಪಾಸಾಯಿತು, ಪುಸ್ತಕ ಸುಳ್ಳು ಹೇಳಿತು.

ಸಾಬರು ಹೋದ ಮೇಲೆ ಪರಮೇಶ, “ಈ ಹುಡುಗಿ ಪುಸ್ತಕ ಸಾಕು. ಮೊದಲಿನಂಗ ಕಾಕಾನ ಬರೀಲಿ” ಎಂದ. ನೀನು, “ನಂದ ಕೈತಪ್ಪರಿ” ಎಂದೆ. ನನ್ನ ಮೇಲೆ ನಿನಗೆ ಅನುಮಾನವೇ ಬರಲಿಲ್ಲ. ನಾನು ಬಯಸಿದ್ದು ಸಿಕ್ಕಿತ್ತು.

ಇವತ್ತು ಬೆಳಿಗ್ಗೆ ಪರಮೇಶ ನನ್ನ ಹಳೆಯ ಕೈಪಿಡಿಯನ್ನು ಮುದ್ರಣಕ್ಕೆ ಕಳಿಸಲು ತೆಗೆದಿಟ್ಟಿದ್ದ. ನೀನು ಎಲ್ಲರಿಗಿಂತ ಮೊದಲು ಬಂದು ಮುನ್ನೂರೂ ಸಾಲುಗಳನ್ನು ಬೆರಳಿಟ್ಟು ಓದುತ್ತಿದ್ದೆ. ನನ್ನನ್ನು ಕಂಡು ಎದ್ದು ಕುರ್ಚಿ ಬಿಟ್ಟುಕೊಟ್ಟು, “ಇನ್ನ ಎಂಥೆಂಥಾ ತಪ್ಪ ಮಾಡೇನೋ, ನೀವ ನೋಡ್ರಿ ಕಾಕಾ” ಎಂದೆ. ಆ ಕುರ್ಚಿಯಲ್ಲಿ ಕೂರಲು ನನ್ನಿಂದಾಗಲಿಲ್ಲ. ನೇರ ಒಳಗೆ ಹೋಗಿ ಪರಮೇಶನಿಗೆ ಎಲ್ಲ ಹೇಳಿದೆ. ಅವನು ನನ್ನ ಕೈಪಿಡಿಯನ್ನು ಕಪಾಟಿಗೆ ಹಾಕಿ ಬಾಗಿಲು ಮುಚ್ಚಿದ.

ನಿನ್ನ ಸಾಲುಗಳು ಅಂಗಡಿ ಅಂಗಡಿಯಲ್ಲಿ ಓದಿಸಿಕೊಳ್ಳಲಿ, ನಾನು ಕೇಳಿ ಉರಿದುಕೊಳ್ಳುವಷ್ಟು.

ನಿನ್ನ ತಪ್ಪಿತಸ್ಥ,
ಶಿವಯೋಗೀಶ ಕಾಕಾ